ಎಡಗೈಯ ಸೀಮೆಸುಣ್ಣ

ಪಾಯಸಕ್ಕೆ ಮೊದಲೇ ಹೇಳಿಬಿಡಬೇಕೋ, ಮೆಹರುನ್ನೀಸಾ ಆಂಟಿ ಹೊರಟ ಮೇಲೆ ಹೇಳಬೇಕೋ? ಆಂಟಿಯ ಎದುರು ಹೇಳಿದರೆ ಅಮ್ಮ ಅಳುವುದಿಲ್ಲ. ಆದರೆ ಅದಕ್ಕೆಂದೇ ಹಾಗೆ ಹೇಳುವುದು ಹೇಡಿತನವಲ್ಲವೇ? ಅಷ್ಟಕ್ಕೂ ಹೇಳುವುದು ಏನನ್ನು? ಹೋಗುತ್ತೇನೆ ಎಂದೋ, ಯಾಕೆ ಹೋಗುತ್ತೇನೆ ಎಂದೋ? ಪೃಥ್ವಿ ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುತ್ತಾ ನಿಂತಿದ್ದ.

ಘಾನಾದಿಂದ ಬಂದು ಕೆಲವು ವಾರಗಳಾಗಿದ್ದವು. ಶಿಕ್ಷಕ ತರಬೇತಿಯ ಕೊನೆಯ ಭಾಗವಾಗಿ ಅವನು ಅಲ್ಲಿ ಕೇಪ್ ಕೋಸ್ಟ್ ಹತ್ತಿರದ ಊರೊಂದರ ಪ್ರೈಮರಿ ಶಾಲೆಯಲ್ಲಿ ಒಂದು ಟರ್ಮ್ ಪಾಠ ಮಾಡಿದ್ದ. ಸೆಪ್ಟೆಂಬರಿನಿಂದ ಇಲ್ಲೇ ಹತ್ತಿರದ ಎವರೆಟ್‌ನ ಶಾಲೆಯೊಂದರಲ್ಲಿ ಕೆಲಸ ಕಾದಿತ್ತು. ಮಗ ಮೇಷ್ಟರಾಗುತ್ತಾನೆಂಬುದನ್ನು ಅರಗಿಸಿಕೊಳ್ಳಲು ಬಹಳ ಕಾಲ ತೆಗೆದುಕೊಂಡಿದ್ದ ಅಪ್ಪ ಕೇಶವ, ಕೊನೆಗೂ ಓವರ್‌ಲೇಕ್‌ನ ತನ್ನ ಆಫೀಸಿಗೆ ಮೈಸೂರುಪಾಕು ಒಯ್ದು ಹಂಚಿದ್ದ. ಈ ನಡುವೆ ಘಾನಾದ ಹೆಡ್‌ಮಿಸ್ಟ್ರೆಸ್ ಮಿಸೆಸ್ ಕ್ವಾನ್ಸಾ ಎರಡು ವರ್ಷಕ್ಕೆ ಬರುತ್ತೀಯಾ ಎಂದು ಕೇಳಿದ್ದರು. ನಾಳೆಯೊಳಗೆ ತಿಳಿಸಬೇಕು. ಅವನು ಮನಸ್ಸಿನಲ್ಲಿ ಆಗಲೇ ಒಪ್ಪಿಕೊಂಡಾಗಿತ್ತು.

"ಏನೋ ಪೃಥ್ವಿ, ಆ ತಟ್ಟೆಗೆ ಪಾಲಿಶ್ ಹಾಕ್ತಿದೀಯಾ? ಹಸಿವಾಗ್ತಿದೆ ಕಣಪ್ಪಾ," ಎಂದು ಮೆಹರುನ್ನೀಸಾ ಊಟದ ಮೇಜಿನಿಂದ ಕೂಗಿದಳು. ಅವಳೂ ಅಮ್ಮ ಭಾನುಮತಿಯೂ ಮೈಸೂರಿನಲ್ಲಿ ಒಂದೇ ಕಾಲೇಜಿನವರು. ಅವಳ ಮನೆ ಬೆಲ್‌ವ್ಯೂನಲ್ಲಿ; ಭಾನುವಾರ ಭಾನುಮತಿ ಬಿಸಿಬೇಳೆಬಾತ್ ಮಾಡಿದಳೆಂದರೆ ಕರೆಯುವ ಮೊದಲೇ ಹೊರಟಿರುತ್ತಿದ್ದಳು.

ಅವನು ತಟ್ಟೆಗಳನ್ನು ತಂದು ಒಂದೊಂದಾಗಿ ಕೊಟ್ಟ. ಎಡಗೈಯಲ್ಲಿದ್ದ ತಟ್ಟೆಯನ್ನು ಬಲಗೈಗೆ ದಾಟಿಸಿ, ಆಮೇಲೆ ಕೈ ಚಾಚಿದ. ಅಪ್ಪ ಗಮನಿಸಲಿಲ್ಲ. ಭಾನುಮತಿ ಬಾತಿನ ಸೌಟನ್ನು ಹಿಡಿದುಕೊಂಡೇ ನಿಂತಳು.

"ನೋಡಿದ್ಯೇನೇ ಮೆಹರೂ? ನಮ್ಮ ಎಡಚ ಬಲಗೈಲಿ ಕೊಡ್ತಿದಾನೆ!"

"ಅಯ್ಯೋ ಹೌದಲ್ಲಾ! ಯಾರೋ ಕಲಿಸಿದ್ದು?"

ಹುಟ್ಟಿದಾಗಿನಿಂದ ಮನೆಯ ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟವನು ಪೃಥ್ವಿ. ಈಗಲೂ ಇಂಗ್ಲಿಷಿನಲ್ಲೇ ಹೇಳಿದ. ಘಾನಾದಲ್ಲಿ ಎಡಗೈಯಲ್ಲಿ ಕೊಟ್ಟರೆ ಅವಮಾನ. ಮೊದಲ ವಾರ ಅವನು ಒಬ್ಬ ಅಜ್ಜಿಗೆ ಮೊಮ್ಮಗನ ಪರೀಕ್ಷೆಯ ಹಾಳೆಯನ್ನು ಎಡಗೈಯಲ್ಲಿ ಚಾಚಿದ. ಅಜ್ಜಿ ತನ್ನೆರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಬಲಗೈಯಲ್ಲಿ ಏನಾದರೂ ಇದ್ದರೆ 'ಸಾರಿ ಫಾರ್ ಲೆಫ್ಟ್' ಎಂದು ಹೇಳಿಯೇ ಎಡಗೈಯಲ್ಲಿ ಕೊಡಬೇಕು ಎಂದು ಮಿಸೆಸ್ ಕ್ವಾನ್ಸಾ ಕಲಿಸಿಕೊಟ್ಟರು. ಅದು ಅವರ ಕಲ್ಚರ್.

"ಕಲ್ಚರ್!" ಭಾನುಮತಿ ಸೌಟನ್ನು ಪಾತ್ರೆಯ ಅಂಚಿಗೆ ಕುಟ್ಟಿದಳು. "ಅವರು ಹೇಳಿದ್ರೆ ಕಲ್ಚರು. ನಾನು ಹೇಳಿದಾಗ ಸೂಪರ್‌ಸ್ಟಿಷನ್ ಆಗಿತ್ತು."

ಮೆಹರುನ್ನೀಸಾ ನಕ್ಕು ನಕ್ಕು ಕೆಮ್ಮಿ, ತನ್ನ ಮಗಳ ಮಾತೆತ್ತಿದಳು. "ನಮ್ಮ ರಾಹಿಲಾಗೂ ಹೇಳಿ ಹೇಳಿ ನನಗೆ ಸಾಕಾಗಿದೆ. ಅವಳನ್ನೂ ಒಂದ್ಸಲ ಘಾನಾಗೆ ಕಳಿಸ್ತೀನಿ ತಡಿ."

ಭಾನುಮತಿಯೂ ನಕ್ಕಳು, ಆದರೆ ತುಸು ತಡವಾಗಿ.

ಅವನು ಮಗುವಾಗಿದ್ದಾಗ ಅಮ್ಮ ಪೆನ್ಸಿಲನ್ನು ಎಡಗೈಯಿಂದ ಬಿಡಿಸಿ ಬಲಗೈಯಲ್ಲಿ ಇಡುತ್ತಿದ್ದಳು. ಬೈದವಳಲ್ಲ, ಹೊಡೆದವಳಲ್ಲ. "ಈ ಕೈ, ಪುಟ್ಟಾ," ಎನ್ನುತ್ತಿದ್ದಳು, ಅಷ್ಟೇ. ಚಮಚಕ್ಕೂ ಅದೇ, ಆರತಿ ತೆಗೆದುಕೊಳ್ಳುವಾಗಲೂ ಅದೇ. ಒಂದನೇ ಕ್ಲಾಸಿನ ಟೀಚರ್ ಅಮ್ಮನನ್ನು ಕರೆಸಿ, ಮಗುವಿನ ಕೈಯನ್ನು ಮಗುವಿಗೇ ಬಿಡಿ ಎಂದು ನಗುತ್ತಲೇ ಹೇಳಿದರು. ಅಮ್ಮ ಥ್ಯಾಂಕ್ಯೂ ಎಂದಳು. ಮತ್ತೆಂದೂ ಅವನ ಕೈ ಮುಟ್ಟಲಿಲ್ಲ. ದೊಡ್ಡವನಾದ ಮೇಲೆ ಅವನು ಈ ಕಥೆಯನ್ನು ಗೆಳೆಯರಿಗೆ ತಮಾಷೆಯಾಗಿ ಹೇಳುತ್ತಿದ್ದ, ಅಮ್ಮನ ಉಚ್ಚಾರಣೆಯನ್ನು ಅಣಕಿಸುತ್ತ.

ಘಾನಾದ ಶಾಲೆಯಲ್ಲಿ ಎಫುವಾಳನ್ನು ಬೋರ್ಡಿಗೆ ಕರೆದ ದಿನ ಹೊರಗೆ ಯಾರೋ ಅಂಗಳ ಗುಡಿಸುತ್ತಿದ್ದರು. ಎರಡನೇ ಕ್ಲಾಸಿನ ಹುಡುಗಿ, ಲೆಕ್ಕದಲ್ಲಿ ಎಲ್ಲರಿಗಿಂತ ಚುರುಕು. ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಸರಸರನೆ ಬರೆಯತೊಡಗಿದಳು. ಅವನ ಕೈ ತಾನಾಗಿಯೇ ಮುಂದೆ ಹೋಯಿತು; ಸೀಮೆಸುಣ್ಣ ಬಿಡಿಸಿ ಅವಳ ಬಲಗೈಯಲ್ಲಿಟ್ಟಿತು. ಬಾಯಿಯಿಂದ ಬಂದದ್ದು ಕನ್ನಡ. "ಈ ಕೈ, ಪುಟ್ಟಾ." ಹುಡುಗಿಗೆ ಮಾತು ಅರ್ಥವಾಗಬೇಕಾದ ಅಗತ್ಯವೇ ಇರಲಿಲ್ಲ. ಅವನು ಹೇಳಿದಂತೆ ಮಾಡಿದಳು. ಐದು ಎಂಬ ಅಂಕಿ ಬೋರ್ಡಿನ ಮೇಲೆ ಮಗುಚಿ ಬಿದ್ದಿತು.

ಬರೆಯುವ ಕೈಯ ಬಗ್ಗೆ ಆ ಶಾಲೆಯಲ್ಲಿ ಯಾರ ತಕರಾರೂ ಇರಲಿಲ್ಲ. ಸಂಜೆ ಅವನು ಕೇಳಿದಾಗ ಮಿಸೆಸ್ ಕ್ವಾನ್ಸಾ, "ಕೊಡುವುದು ಬೇರೆ, ಬರೆಯುವುದು ಬೇರೆ," ಎಂದಿದ್ದರು. ಯಾಕೆ ಕೇಳುತ್ತಿದ್ದಾನೆಂದು ಅವರಿಗೆ ಗೊತ್ತಿರಲಿಲ್ಲ. ಮರುದಿನ ಎಫುವಾ ತಾನಾಗಿಯೇ ಬಲಗೈಯಲ್ಲಿ ಬರೆದಳು. ನಿನ್ನ ಇಷ್ಟದ ಕೈಯಲ್ಲೇ ಬರಿ ಎಂದ. "ಯೆಸ್ ಸರ್," ಎಂದು ಬಲಗೈಯಲ್ಲೇ ಬರೆದಳು. ಅವನು ಹೊರಡುವ ದಿನ ಬೋರ್ಡಿನ ಮೇಲೆ ಅವಳ ಅಕ್ಷರಗಳು ಇನ್ನೂ ವಾಲುತ್ತಿದ್ದವು. ಲೆಕ್ಕಕ್ಕೆ ಕೈ ಎತ್ತುವುದನ್ನು ಕಡಿಮೆ ಮಾಡಿದ್ದಳು.

"ಪಾಯಸ ಹಾಕಲಾ?" ಎಂದಳು ಭಾನುಮತಿ.

"ನಾನು ವಾಪಸ್ ಹೋಗ್ತೀನಿ ಅಮ್ಮಾ," ಎಂದ ಪೃಥ್ವಿ. "ಘಾನಾಗೆ. ಎರಡು ವರ್ಷ."

ಅವನು ಕನ್ನಡದಲ್ಲಿ ಹೇಳಿದ್ದ. ಅದರಿಂದಲೇ, ಇದು ಚರ್ಚೆಗಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

"ಎವರೆಟ್?" ಎಂದ ಕೇಶವ. ಆಮೇಲೆ, "ಹೆಲ್ತ್ ಇನ್ಶೂರೆನ್ಸ್ ಇದೆಯೇನೋ?"

"ಎಬೋಲಾ ಏನೂ ಇಲ್ಲ ತಾನೇ ಅಲ್ಲಿ?" ಎಂದಳು ಮೆಹರುನ್ನೀಸಾ.

"ಘಾನಾಗೆ ಬಂದೇ ಇರ್ಲಿಲ್ಲ ಆಂಟಿ."

ಭಾನುಮತಿ ಎಲ್ಲರಿಗೂ ಪಾಯಸ ಬಡಿಸಿದಳು. ತನ್ನ ಬಟ್ಟಲಿಗೆ ಹಾಕಿಕೊಳ್ಳಲಿಲ್ಲ.

ಮೆಹರುನ್ನೀಸಾ ಹೋದ ಮೇಲೆ, ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ತೊಳೆದಳು, ಅವನು ಒರೆಸಿದ. ಸಿಂಕಿನ ಎದುರಿನ ಕಿಟಕಿಯಲ್ಲಿ ಪಕ್ಕದ ಅಪಾರ್ಟ್‌ಮೆಂಟಿನವರು ಸೈಕಲ್ಲುಗಳನ್ನು ಕಾರಿನ ಮೇಲಿಂದ ಇಳಿಸುತ್ತಿದ್ದರು.

"ಹುಡುಗಿ ಇದಾಳಾ ಅಲ್ಲಿ?" ಎಂದಳು ಅಮ್ಮ, ನಲ್ಲಿಯ ಸದ್ದಿನಲ್ಲಿ.

"ಇದಾಳೆ."

ನಲ್ಲಿ ನಿಂತಿತು.

"ಎಫುವಾ ಅಂತ. ಸೆಕೆಂಡ್ ಗ್ರೇಡ್."

"ಥೂ ನಿನ್ನ!" ಒದ್ದೆ ಕೈಯಲ್ಲೇ ಅವನ ತೋಳಿಗೆ ಹೊಡೆದಳು. ನಗುವಿನ ಜೊತೆ ಇಷ್ಟು ಹೊತ್ತು ತಡೆದದ್ದೂ ಬಂತು. ಸೆರಗಿಲ್ಲದ್ದರಿಂದ ಕುರ್ತಾದ ತೋಳಿನಲ್ಲೇ ಕಣ್ಣೊರೆಸಿಕೊಂಡಳು. "ಅವಳಿಗೋಸ್ಕರ ಹೋಗ್ತಿದೀಯಾ ಹಾಗಾದ್ರೆ?"

"ಹೂಂ. ಅವಳೂ ಎಡಚಿ."

"ಪಾಪ. ಅಲ್ಲೆಲ್ಲಾ ಅಷ್ಟು ಕಟ್ಟುನಿಟ್ಟು ಅಂತೀಯಾ. ಬರೆಯೋಕಾದ್ರೂ ಬಿಡ್ತಾರೋ ಇಲ್ವೋ?" ಅವಳು ಬಾಣಲೆಯನ್ನು ಉಜ್ಜತೊಡಗಿದಳು. ಉಜ್ಜುತ್ತಲೇ ಕೇಳಿದಳು, "ಯಾರಾದ್ರೂ ಅವಳ ಕೈ ಬದಲಾಯಿಸಿದ್ರೇನೋ?"

ಅವನು ಬಾಣಲೆಗಾಗಿ ಕೈ ಚಾಚಿ ಕಾದ. ಅಮ್ಮ ಅದನ್ನು ತೊಳೆದು ಕೊಟ್ಟಳು. ಒರೆಸಿ ಗೂಡಿನಲ್ಲಿಟ್ಟ.

ಬದಲಾಯಿಸಿದವನು ತಾನೇ ಎಂದು ಅವನು ಹೇಳಲಿಲ್ಲ. ಆಗ ಆಡಿದ ಮಾತು ಯಾವುದೆಂದೂ ಹೇಳಲಿಲ್ಲ.