ಎರಡು ಚೀಟಿಯ ಬ್ರುಬೇಕರ್

ಥ್ಯಾಡಿಯಸ್ ಬ್ರುಬೇಕರ್ ಅವರು ಗಟ್ಟಿ ನೆಲದ ಮೇಲೂ ಓಡುವ ರೈಲಿನೊಳಗೆ ನಡೆಯುವವರಂತೆ ಕಾಲು ಅಗಲಿಸಿ, ಇಲ್ಲದ ಸೀಟಿನ ಬೆನ್ನಿಗೆ ಒಂದು ಕೈ ಚಾಚಿಕೊಂಡೇ ಹೆಜ್ಜೆಯಿಡುತ್ತಿದ್ದರು. ಇಲಿನಾಯ್‌ನ ನಮ್ಮ ಹಾರ್ಲನ್‌ವಿಲ್‌ನಲ್ಲಿ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದ ಅವರನ್ನು, ಜೇಬುಗಳಲ್ಲಿ ತುರುಕಿದ ವೇಳಾಪಟ್ಟಿಗಳ ಭಾರಕ್ಕೆ ಎರಡೂ ಪಕ್ಕ ಜೋತುಬಿದ್ದ ಆ ಕಂದು ಕೋಟಿಲ್ಲದೆ ಕಂಡ ನೆನಪು ನನಗಿಲ್ಲ. ಯಾವ ಮಾತಿಗೂ ಅವರ ಪೀಠಿಕೆ ಒಂದೇ: "ಒಂದ್ ನಿಮಿಷ ಇರಿ." ಅದೇ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ನಾನು ಆ ನಿಮಿಷ ಮುಗಿದದ್ದನ್ನು ಒಮ್ಮೆಯೂ ನೋಡಲಿಲ್ಲ.

ಅವರ ಹಟವೆಲ್ಲ ವೇಗದ ರೈಲು ಬರಬೇಕೆಂಬುದು. ರಾಜ್ಯದಲ್ಲಿ ಎಲ್ಲಿ ಅದರ ಬಗ್ಗೆ ಸಾರ್ವಜನಿಕ ಸಭೆ ನಡೆದರೂ ಹೋಗಿ, ಪರವಾಗಿರುವವರ ಹಸಿರು ಚೀಟಿಯಲ್ಲಿ ಹೆಸರು ಬರೆದುಕೊಟ್ಟು, ಪ್ರತಿಯೊಬ್ಬರಿಗೂ ಸಿಗುವ ಮೂರು ನಿಮಿಷ ಮಾತಾಡಿ ಬರುತ್ತಿದ್ದರು. ಹೋಗುವುದು ರೈಲಿನಲ್ಲೇ. ಹಳಿಗಳು ಸರಕು ಸಾಗಿಸುವ ಕಂಪನಿಯವು, ಆ ಕಂಪನಿಯ ಗಾಡಿ ಎದುರಾದರೆ ನಮ್ಮ ಪ್ರಯಾಣಿಕರ ಗಾಡಿ ಪಕ್ಕದ ಹಳಿಗೆ ಸರಿದು ಕಾಯಬೇಕು. ಹೀಗಾಗಿ ರೈಲಿನ ಪರ ವಾದಿಸಲು ಹೊರಟವರು ರೈಲಿನ ದೆಸೆಯಿಂದಲೇ ಎಷ್ಟೋ ಸಲ ಸಭೆ ಮುಗಿದ ಮೇಲೆ ತಲುಪಿದ್ದುಂಟು.

ಮೂವತ್ತು ವರ್ಷದ ಮೇಲೆ ಕೊನೆಗೂ ಯೋಜನೆಯ ನಕ್ಷೆ ಬಂತು. ವೇಗದ ರೈಲು ನಮ್ಮೂರಿನ ಹೊಲಗಳ ಅಂಚಿನಲ್ಲೇ ನಿಲ್ಲದೆ ಹಾದುಹೋಗುತ್ತದೆ. ಅದು ಓಡತೊಡಗಿದ ದಿನವೇ, ದಿನಕ್ಕೆರಡು ಸಲ ನಿಲ್ಲುವ ನಮ್ಮ ಹಳೆಯ ಗಾಡಿ ರದ್ದು. ಬ್ರುಬೇಕರ್ ಕಾರು ಇಟ್ಟವರೇ ಅಲ್ಲ. ಅವರ ಅಕ್ಕ ಲೊರೇನ್ ದೃಷ್ಟಿ ಮಸುಕಾಗಿ ಕಾರು ಓಡಿಸುವುದನ್ನು ಬಿಟ್ಟವಳು. ತಿಂಗಳಿಗೊಮ್ಮೆ ಕಣ್ಣಿನ ಚುಚ್ಚುಮದ್ದಿಗೆ ಶಿಕಾಗೋಗೆ ಹೋಗಿಬರುತ್ತಿದ್ದುದು ಆ ಹಳೆಯ ಗಾಡಿಯಲ್ಲೇ.

"ಕೂಗಿ ಕೂಗಿ ತರಿಸ್ದೆಯಲ್ಲೋ," ಎಂದಳು ಲೊರೇನ್. "ಈಗ ಅದು ನನ್ನ ಮೂಗಿನ ಮುಂದೇನೇ ಹೋಗುತ್ತೆ. ನಾನೇನು ಕೈ ಬೀಸ್ಕೊಂಡು ನಿಂತಿರ್ಲಾ?"

ಆ ವಾರವೆಲ್ಲ ಬ್ರುಬೇಕರ್ ನಿಲ್ದಾಣದವರೆಗೆ ನಡೆದು, ಯಾಕೆ ಬಂದೆನೆಂದು ತಿಳಿಯದೆ ಹಿಂತಿರುಗುತ್ತಿದ್ದರು. ನೋಡಿ ನನಗೆ ಸಂಕಟವಾಗುತ್ತಿತ್ತು.

ರಾಜ್ಯದ ರಾಜಧಾನಿಯಲ್ಲಿ ನಡೆದ ಅಂತಿಮ ಸಭೆಗೆ ನಾನು ಕಾರಿನಲ್ಲಿ ಹೋಗಿ ಕುಳಿತಿದ್ದೆ. ಅವರು ಮೊದಲೇ ಫೋನಿನಲ್ಲಿ ಬರೆಸಿದ್ದ ಹೆಸರನ್ನು ಎರಡು ಸಲ ಕರೆದರು, ಆಸಾಮಿಯ ಪತ್ತೆಯಿಲ್ಲ. ಅಧ್ಯಕ್ಷೆ ಕಾಗದಗಳನ್ನು ಜೋಡಿಸಿಕೊಳ್ಳುವ ಹೊತ್ತಿಗೆ ಅದೇ ಓಲಾಡುವ ನಡಿಗೆಯಲ್ಲಿ ಒಳಬಂದರು. ಒಂದು ಕೈಯಲ್ಲಿ ಹಸಿರು ಚೀಟಿ, ಇನ್ನೊಂದರಲ್ಲಿ ವಿರೋಧಿಗಳ ಕೆಂಪು ಚೀಟಿ. ಎರಡರ ಮೇಲೂ ತಮ್ಮದೇ ಹೆಸರು.

"ಬ್ರುಬೇಕರ್ ಅವರೇ, ನೀವು ಪರಾನೋ, ವಿರೋಧಾನೋ?" ಎಂದರು ಅಧ್ಯಕ್ಷೆ.

"ಒಂದ್ ನಿಮಿಷ ಇರಿ. ಗಂಟೆಗೆ ಇನ್ನೂರು ಮೈಲಿ ಓಡೋ ರೈಲು ಬೇಕೇ ಬೇಕು. ಅದನ್ನ ಹತ್ತೋಕೆ ನಮ್ಮೂರಿಂದ ಇನ್ನೊಂದು ರೈಲೂ ಬೇಕಲ್ಲ? ಇವತ್ತು ಎರಡು ಗಂಟೆ ಜೋಳದ ಹೊಲದ ಮಧ್ಯೆ ಗಾಡಿ ನಿಲ್ಲಿಸಿದ್ರು. ಕೂತು ಯೋಚಿಸ್ದೆ. ಇದಕ್ಕೆ ಯಾವ ಬಣ್ಣ ಅಂತ ಗೊತ್ತಾಗ್ಲಿಲ್ಲ."

"ಯಾವುದಾದ್ರೂ ಒಂದೇ ಚೀಟಿ ಕೊಡ್ಬೇಕು. ಇಲ್ದಿದ್ರೆ ನಿಮ್ಮ ಮಾತು ದಾಖಲೆಗೆ ಸೇರಲ್ಲ."

ಅವರು ಒಂದೊಂದು ಚೀಟಿಯನ್ನೂ ತಿರುಗಿಸಿ ನೋಡುತ್ತ ನಿಂತೇ ಇದ್ದರು. ಸಮಯ ಮುಗಿದ ಗಂಟೆ ಮೊಳಗಿತು. ಎರಡನ್ನೂ ಕೋಟಿನ ಜೇಬಿಗೆ ಸೇರಿಸಿದರು.

ಹೊರಗೆ ನಾನು ಕಾರಿನ ಬಾಗಿಲು ತೆರೆದೆ. "ಬನ್ನಿ ಥ್ಯಾಡ್, ಊಟದ ಹೊತ್ತಿಗೆ ಮನೇಲಿರ್ತೀವಿ."

"ನಾನೂ ಕಾರು ಹತ್ತಿದ್ರೆ ನಮ್ಮ ಹಳೇ ಗಾಡಿಗೆ ಒಬ್ಬ ಪ್ರಯಾಣಿಕ ಕಡಿಮೆ ಆದ ಅಂತ ಬರ್ಕೊಳ್ತಾರೆ," ಎಂದು ಹೊರಟವರು ತಿರುಗಿ ನಿಂತು, "ನಾನು ಹೇಳಿದ್ದು ಅಷ್ಟು ಗೋಜಲಾಗಿತ್ತಾ?" ಎಂದು ಕೇಳಿದರು. ಇಲ್ಲವೆಂದೆ.

ಬೇಕು, ಬೇಡ ಎಂಬ ಎರಡೇ ಬಣ್ಣ ಬಲ್ಲ ಸಭೆಗಳಲ್ಲಿ ಇಂಥವರು ತಲೆ ಕೆಟ್ಟವರಂತೆ ಕಾಣುತ್ತಾರೆ; ಜೀವಮಾನದ ಕನಸನ್ನೂ ಮನೆಯವರ ಅಗತ್ಯವನ್ನೂ ಒಟ್ಟಿಗೇ ಹೊತ್ತು ಬಂದವರಿಗೆ ಹೆಸರು ಬರೆಯಲು ಜಾಗ ಸಿಗುವುದಿಲ್ಲ. ಆ ದಿನದ ದಾಖಲೆಯಲ್ಲಿ ಬ್ರುಬೇಕರ್ ಇಲ್ಲ. ಅವರ ಹೆಸರು ಇದ್ದದ್ದು ಸಂಜೆಯ ಗಾಡಿಯ ಟಿಕೆಟ್ಟಿನ ಮೇಲೆ ಮಾತ್ರ.