ಹದಿಮೂರನೇ ತಿಂಗಳು

ಮಹದೇವಸ್ವಾಮಿ ಬೆರಳು ಮಡಚಿ ಎಣಿಸಿದ. ನಂಬಿಕೆ ಸಾಲದೆ ಇನ್ನೊಮ್ಮೆ ಎಣಿಸಿದ.

"ಸೆಪ್ಟೆಂಬರ್ ನಾಕಾ? ಅದೆಂಗಮ್ಮಾ? ಒಂದ್ ವರ್ಸ ಅಂದ್ರೆ ನಿಮ್ಮನೇಲಿ ಹದ್ಮೂರ್ ತಿಂಗ್ಳಾ?"

ಸುಮೇಧಾ ಅವನ ಮೇಜಿನ ಮೇಲಿದ್ದ ಕ್ಯಾಲೆಂಡರಿನ ಕಡೆ ನೋಡಿದಳು. ಸೋಮವಾರ, ಆಗಸ್ಟ್ ಹದಿನಾಲ್ಕು.

ಅವಳ ಗಂಡ ಶ್ರೀರಾಮ್ ಶ್ರೀರಂಗಪಟ್ಟಣದ ಇದೇ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಹೋದ ವರ್ಷ ಆಗಸ್ಟ್ ಹದಿನಾರರ ಬೆಳಿಗ್ಗೆ, ಹನ್ನೊಂದೂವರೆಗೆ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಹಾಗೆಯೇ ಮೇಜಿನ ಮೇಲೆ ತಲೆಯಿಟ್ಟ. ಮೂವತ್ತನಾಲ್ಕು ವರ್ಷದವನು, ರಾತ್ರಿ ನಿದ್ದೆಗೆಟ್ಟಿರಬೇಕು ಎಂದು ಪಕ್ಕದವರು ಎಬ್ಬಿಸಲಿಲ್ಲ. ಕಾಫಿ ತಂದವನು ಲೋಟ ಇಟ್ಟು ಹೋದ. ಲೋಟದ ಮೇಲೆ ಕೆನೆ ಕಟ್ಟಿದ ಮೇಲೆ ಮಹದೇವಸ್ವಾಮಿಯೇ ಹೋಗಿ ಭುಜ ಅಲುಗಿಸಿದ್ದು.

ಹೀಗೆ ನೌಕರಿಯಲ್ಲಿರುವಾಗಲೇ ಸತ್ತವರ ಮನೆಯವರಿಗೆ ಸರ್ಕಾರ ಅನುಕಂಪದ ಆಧಾರದ ಮೇಲೆ ಕೆಲಸ ಕೊಡುತ್ತದೆ. ಅನುಕಂಪಕ್ಕೂ ಅವಧಿಯುಂಟು. ಒಂದು ವರ್ಷದೊಳಗೆ ಅರ್ಜಿ ಕೊಡಬೇಕು, ಜೊತೆಗೆ ಸತ್ತವನ ತಂದೆ ತಾಯಿಯ ಒಪ್ಪಿಗೆ ಪತ್ರ ಇಡಬೇಕು. ಉಳಿದ ಕಾಗದಗಳೆಲ್ಲ ಜನವರಿಯಿಂದ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸಿದ್ಧವಾಗಿದ್ದವು. ಒಪ್ಪಿಗೆ ಪತ್ರವೊಂದು ಬಾಕಿ. ಅತ್ತೆ ಇಂದಿರಮ್ಮ, "ವರ್ಷ ತುಂಬಲಿ, ಸಹಿ ಹಾಕಿಕೊಡ್ತೀನಿ" ಎಂದಿದ್ದರು. "ಆಗಲಿ ಅತ್ತೆ" ಎಂದಿದ್ದಳು ಸುಮೇಧಾ. ವರ್ಷ ತುಂಬುವ ದಿನವೇ ಕೊಟ್ಟರೂ ಸಾಕಲ್ಲ ಎಂದುಕೊಂಡಿದ್ದಳು. ಇಬ್ಬರೂ ಸತ್ಯವಾಗಿಯೇ ಆಡಿದ ಮಾತು. ಯಾವ ವರ್ಷ ಎಂದು ಮಾತ್ರ ಇಬ್ಬರೂ ಕೇಳಿಕೊಂಡಿರಲಿಲ್ಲ.

ಈ ಸಲ ಅಧಿಕ ಶ್ರಾವಣ ಬಂದಿತ್ತು. ಪಂಚಾಂಗದಲ್ಲಿ ಒಂದು ತಿಂಗಳು ಹೆಚ್ಚಿಗೆ. ಶ್ರಾವಣ ಬಹುಳ ಪಂಚಮಿಗೆ ಹೋದವನ ವರ್ಷಾಬ್ದಿಕ, ಅಧಿಕ ಕಳೆದ ಮೇಲಿನ ನಿಜ ಶ್ರಾವಣದ ಪಂಚಮಿಗೇ ಬರಬೇಕು. ಅದು ಸೆಪ್ಟೆಂಬರ್ ನಾಲ್ಕು. ಸುಮೇಧಾ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಸಂಖ್ಯಾಶಾಸ್ತ್ರ ಓದಿದವಳು. ಹಿಂದಿನ ವಾರ ಭಾನುವಾರ ಅಧಿಕ ಮಾಸದ ಹೆಚ್ಚುವರಿ ಮಾಸಿಕ ಶ್ರಾದ್ಧಕ್ಕೆ ಉದ್ದಿನ ವಡೆ ಕರಿದಿದ್ದಳು, ಹಾಗಲಕಾಯಿ ಹೆಚ್ಚಿದ್ದಳು. ಆಗಲೂ ಈ ಲೆಕ್ಕ ಹೊಳೆಯಲಿಲ್ಲ. ಹಾಗಲಕಾಯಿ ಶ್ರೀರಾಮನಿಗೆ ಕಂಡರಾಗದು. ಸತ್ತ ಮೇಲೆ ತಿಂಗಳು ತಿಂಗಳೂ ಅವನ ಹೆಸರಿನ ಎಲೆಗೆ ಅದನ್ನೇ ಬಡಿಸುತ್ತಿದ್ದೇವಲ್ಲ ಎಂಬುದಷ್ಟೇ ಹೊಳೆದದ್ದು.

"ನೋಡಮ್ಮ," ಎಂದ ಮಹದೇವಸ್ವಾಮಿ, ದನಿ ತಗ್ಗಿಸಿ. "ನಾಳೆ ಬಾವುಟದ ರಜ. ನಾಡಿದ್ದು ಸಂಜೆ ಐದೂವರೆಗಂಟ ನಾ ಇಲ್ಲೇ ಕುಂತಿರ್ತೀನಿ. ಆಮೇಲೆ ನಾನು ತಕಂಡ್ರೂ ಮೇಲ್ನೋರು ತಕಳಲ್ಲ. ನಿಮ್ಮತ್ತೇರ್ಗೆ ಒಸಿ ಯೋಳು. ಶ್ರೀರಾಮಣ್ಣ ಇದ್ದಿದ್ರೆ ಅವ್ನೇ ಬೈತಿದ್ದ."

ಮನೆಗೆ ಬಂದಾಗ ಮಾವ ರಾಮಸ್ವಾಮಿ ಹೊಳೆಯಿಂದ ಬಂದು ಕಾಲು ತೊಳೆಯುತ್ತಿದ್ದರು. ಮೈಸೂರು, ಮಂಡ್ಯದಿಂದ ಅಸ್ಥಿ ತರುವವರಿಗೆ ಸ್ನಾನಘಟ್ಟದಲ್ಲಿ ಕರ್ಮ ಮಾಡಿಸುವುದು ಅವರ ವೃತ್ತಿ. ಮುಗಿದ ಮೇಲೆ ಒಂದು ಚೀಟಿಯಲ್ಲಿ ಮುಂದಿನ ವರ್ಷದ ತಿಥಿ ಬರೆದು, ಪಂಚಾಂಗ ಗೊತ್ತಿಲ್ಲದವರಿಗಾಗಿ ಕೆಳಗೆ ತಾರೀಕನ್ನೂ ಬರೆದುಕೊಡುತ್ತಿದ್ದರು. ಎರಡು ಲೆಕ್ಕವನ್ನೂ ಬಲ್ಲವರು ಆ ಮನೆಯಲ್ಲಿ ಅವರೊಬ್ಬರೇ.

"ಮಾವ, ಕಚೇರಿಯವರ ವರ್ಷ ನಾಡಿದ್ದಿಗೇ ಮುಗಿಯುತ್ತಂತೆ."

ಅವರು ತಂಬಿಗೆಯಲ್ಲಿದ್ದ ನೀರನ್ನು ಪೂರ್ತಿ ಸುರಿದುಕೊಂಡರು.

"ಗೊತ್ತಿತ್ತಮ್ಮ," ಎಂದರು. "ಯುಗಾದಿಯ ದಿನ ಹೊಸ ಪಂಚಾಂಗ ತೆಗೆದಾಗಲೇ ಗೊತ್ತಿತ್ತು. ನಿನ್ನತ್ತೆಗೆ ಹೇಳೋದಕ್ಕೆ ಬಾಯಿ ಬರಲಿಲ್ಲ."

"ಯಾಕೆ?"

"ವರ್ಷ ತುಂಬೋವರೆಗೆ ಅವನು ಇನ್ನೂ ದಾರೀಲಿದಾನೆ ಅನ್ನೋ ಲೆಕ್ಕ. ಆಮೇಲೆ ಪಿತೃಗಳ ಸಾಲಿಗೆ ಸೇರಿಬಿಡ್ತಾನೆ, ಅವಳ ಮಗ ಅಲ್ಲ. ಅಧಿಕ ಮಾಸ ಅಂತ ನಾನು ಓದಿದಾಗ ಅವಳು ಏನಂದಳು ಗೊತ್ತಾ? ಒಂದು ತಿಂಗಳು ಹೆಚ್ಚಿಗೆ ಸಿಕ್ಕಿತಲ್ಲ ಅಂದಳು."

ನನ್ನ ಸಹಿ ಯಾವಾಗ ಬೇಕಾದರೂ ತಗೋ ಎಂದು ಹೇಳಿ ಅವರು ಒಳಗೆ ಹೋದರು.

ಮರುದಿನ ಪಾಂಡವಪುರದಿಂದ ಸುಮೇಧಾಳ ಅಣ್ಣ ಅಭಯ್ ಬಂದ, ಎದೆಯ ಮೇಲೆ ಕಾಗದದ ಬಾವುಟ ಚುಚ್ಚಿಕೊಂಡೇ. ಅಲ್ಲಿಯ ಕೋಚಿಂಗ್ ಸೆಂಟರಿನಲ್ಲಿ ಸರ್ಕಾರಿ ಪರೀಕ್ಷೆ ಬರೆಯುವವರಿಗೆ ಅವನು ರೀಸನಿಂಗ್ ಪಾಠ ಮಾಡುತ್ತಾನೆ. ಎ ಗಿಂತ ಬಿ ಎತ್ತರ, ಬಿ ಗಿಂತ ಸಿ ಎತ್ತರ. ಹಾಗಾದರೆ ಯಾರು ಕುಳ್ಳ ಎಂಬಂಥದ್ದು. ಮನೆಯಲ್ಲೂ ಅದೇ ದನಿ.

ಇಂದಿರಮ್ಮ ನಡುಮನೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಅವನು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತ.

"ಅಮ್ಮ, ನೀವು ಸ್ವಲ್ಪ ಲಾಜಿಕ್ಕಾಗಿ ಯೋಚನೆ ಮಾಡಿ. ನನ್ನ ಹತ್ರ ಇನ್ನೂರು ಜನ ಓದ್ತಿದಾರೆ. ಇಂಥ ಒಂದು ಪೋಸ್ಟಿಗೆ ಐದೈದು ವರ್ಷದಿಂದ ಒದ್ದಾಡ್ತಿದಾರೆ. ಇವಳಿಗೆ ಮನೆ ಬಾಗಿಲಿಗೆ ಬಂದಿದೆ. ಮುಂದೆ ಇವಳ ಕೆರಿಯರ್ ಏನು?"

"ಬಂದಿರೋದು ಹೇಗೆ ಅಂತ ಗೊತ್ತಿದೆಯಲ್ಲಪ್ಪ."

"ಗೊತ್ತು. ಆದರೆ ಹೋದವನು ಹೋದ. ಇರೋರ ಬಗ್ಗೆ ಯೋಚಿಸೋದು ಲಾಜಿಕ್ಕು."

"ಹೋಗಿಲ್ಲ ಕಣಪ್ಪ. ಇನ್ನೂ ಇಪ್ಪತ್ತು ದಿನ ಇದೆ." ಅವರು ಒಂದು ಕಾಯಿ ಮುರಿದರು. "ದಾರೀಲಿರೋವಾಗಲೇ ಅವನ ಕುರ್ಚಿ ಬೇರೆಯವರಿಗೆ ಅಂತ ನಾನು ಬರೆದುಕೊಡ್ಲಾ? ಅಧಿಕ ಮಾಸದಲ್ಲಿ ಯಾರಾದ್ರೂ ಹೊಸ ಕೆಲಸಕ್ಕೆ ಕೈ ಹಾಕ್ತಾರಾ? ನಿಮ್ಮ ಸೆಂಟರಲ್ಲಿ ಇದನ್ನ ಹೇಳಿಕೊಡಲ್ವಾ?"

"ಸಿಲಬಸ್ಸಲ್ಲಿಲ್ಲ," ಎಂದ ಅಭಯ್.

"ಹಾಗಾದ್ರೆ ಕಾಫಿ ಕುಡಿ."

ಕಾಫಿ ಕುಡಿದ ಮೇಲೆ ಅವನು ತಂಗಿಯನ್ನು ಹಿತ್ತಲಿಗೆ ಕರೆದ. "ಆ ಸೈನ್ ನೀನೇ ಹಾಕಿಬಿಡೇ. ಕೊಟ್ಟಾದಮೇಲೆ ಅವರು ತಮ್ಮದಲ್ಲ ಅಂತ ಹೇಳಲ್ಲ. ಮಾನಕ್ಕೆ ಅಂಜೋ ಜನ."

"ಅದಕ್ಕೇ ಬೇಡ."

"ಮತ್ತೆ ಏನ್ ಮಾಡ್ತೀಯಾ? ಜೀವನಪೂರ್ತಿ ಹುರುಳಿಕಾಯಿ ಬಿಡಿಸ್ತೀಯಾ? ನಿನಗೆ ಏನ್ ಬೇಕು ಅಂತನಾದ್ರೂ ಗೊತ್ತಾ?"

ಗೊತ್ತಿರಲಿಲ್ಲ. ಒಂದು ವರ್ಷದಿಂದ ಯಾರೂ ಹಾಗೆ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. ಬಾವಿಕಟ್ಟೆಯ ಮೇಲೆ ಒಣಹಾಕಿದ್ದ ಅತ್ತೆಯ ಸೀರೆಯನ್ನು ಮಗುಚಿ ಹಾಕಿದಳು. ಹನ್ನೆರಡನೆಯ ದಿನ ಮುಗಿದ ಸಂಜೆ ಆಕೆ ತಮ್ಮ ಹಾಸಿಗೆ ಸುತ್ತಿಕೊಂಡು ಸುಮೇಧಾಳ ಕೋಣೆಗೆ ಬಂದವರು, ಇವತ್ತಿಗೂ ಅಲ್ಲೇ ಮಲಗುತ್ತಿದ್ದರು. ಯಾಕೆ ಎಂದು ಹೇಳಿರಲಿಲ್ಲ. ಇವಳೂ ಕೇಳಿರಲಿಲ್ಲ. ಅಂಥವರ ಸಹಿಯನ್ನು ಕದಿಯುವುದಕ್ಕೂ ಮೈಯಲ್ಲಿ ಕಸುವು ಬೇಕು.

ಹದಿನಾರರ ಬೆಳಿಗ್ಗೆ ಮಾವ ಹೊಳೆಗೆ ಹೋದರು. ಅಮಾವಾಸ್ಯೆ, ಜನ ಹೆಚ್ಚು. ಹೋಗುವ ಮುನ್ನ ತಮ್ಮ ಕಾಗದಕ್ಕೆ ಸಹಿ ಹಾಕಿ ದೇವರ ಮುಂದೆ ಇಟ್ಟಿದ್ದರು. ಹನ್ನೊಂದು ಗಂಟೆಯಾಯಿತು, ಹನ್ನೊಂದೂವರೆಯಾಯಿತು. ಅಡಿಗೆಮನೆಯಲ್ಲಿ ಅತ್ತೆ ಸೊಸೆ ಇಬ್ಬರಿಗೂ ಗಡಿಯಾರ ಕಾಣುತ್ತಿತ್ತು. ಇಬ್ಬರೂ ಸುಮ್ಮನೆ ನಿಂತರು. ಅಕ್ಕಿ ಉಕ್ಕಿ ಒಲೆಯ ಮೇಲೆ ಸುರಿಯಿತು.

ಸುಮೇಧಾ ಒಲೆ ಆರಿಸಿ, ಬಟ್ಟೆಯಿಂದ ಗಂಜಿ ಒರೆಸುತ್ತ ಹೇಳಿದಳು, "ಅತ್ತೆ, ನನಗೆ ಸಾಕಾಗಿದೆ."

ಇಂದಿರಮ್ಮ ತಿರುಗಿದರು.

"ಕೆರಿಯರ್ರು ಅದೂ ಇದೂ ನನಗೆ ಗೊತ್ತಿಲ್ಲ. ಬೆಳಿಗ್ಗೆ ಎದ್ದರೆ ಮುಂದಿನ ಮಾಸಿಕಕ್ಕೆ ಎಷ್ಟು ದಿನ ಅಂತ ಎಣಿಸ್ತೀನಿ. ಅದು ಮುಗಿದರೆ ಇನ್ನೊಂದು. ನಿಮಗೆ ಒಂದು ತಿಂಗಳು ಹೆಚ್ಚಿಗೆ ಸಿಕ್ಕಿತು. ನನಗೂ ಸಿಕ್ಕಿತು, ಅತ್ತೆ. ನನಗೆ ಅದು ಬೇಕಿರಲಿಲ್ಲ." ಅವಳು ಬಟ್ಟೆ ಹಿಂಡಿದಳು. "ತಲೆ ಬಾಚಿಕೊಂಡು, ಬಸ್ಸು ಹತ್ತಿ, ಎಲ್ಲಿಗಾದರೂ ಹೋಗಬೇಕು. ಅಷ್ಟೇ. ಕುರ್ಚಿ ಅವರದೇ ಆಗಬೇಕು ಅಂತೇನಿಲ್ಲ."

ಗಡಿಯಾರ ನಡೆಯುತ್ತಿತ್ತು. ಇಂದಿರಮ್ಮ ಅತ್ತರೇನೋ ಎಂದು ಸುಮೇಧಾ ನೋಡಿದಳು; ಅತ್ತಿರಲಿಲ್ಲ. ದಣಿದ ಮುಖ, ತನ್ನದರ ಹಾಗೆಯೇ.

"ನಿದ್ದೆಯಲ್ಲಿ ಎಣಿಸ್ತೀಯ ಕಣೇ ನೀನು," ಎಂದರು. "ನಾನು ಕೇಳಿಸ್ಕೊಂಡಿದೀನಿ. ಏನು ಎಣಿಸ್ತಾಳೋ ಅನ್ನೋದು ಗೊತ್ತಿರಲಿಲ್ಲ."

ಸುಮೇಧಾ ಬಟ್ಟೆಯನ್ನು ಒಲೆಯ ಪಕ್ಕ ಹರಡಿದಳು.

"ಸಾಕಾಗಿದೆ ಅಂತ ಮೊದಲೇ ಒಂದು ಮಾತು ಅನ್ನಬಾರದಿತ್ತಾ? ನಿಮ್ಮಣ್ಣನ ಕೈಲಿ ಲಾಜಿಕ್ ಹೇಳಿಸ್ತೀಯ. ಎರಡನೇ ಸಲ ಅಕ್ಕಿ ಇಡೋದು ಬೇಡ, ಬಂದು ಮಾಡಿದರಾಯ್ತು. ಆಟೋ ಕರೆ."

ಕಚೇರಿಯೊಳಕ್ಕೆ ಇಂದಿರಮ್ಮ ಬಂದದ್ದು ಅದೇ ಮೊದಲು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಯಾರೋ ಹೊಸಬಳು ಕೂತು ಟೈಪು ಮಾಡುತ್ತಿದ್ದಳು. ಅದೇ ಕುರ್ಚಿ ಎಂದು ಯಾರೂ ತೋರಿಸಲಿಲ್ಲ. ಇಂದಿರಮ್ಮ ತಾವಾಗಿ ನೋಡಿದರು.

"ಆಗಲೇ ಕೂತಿದಾರೆ," ಎಂದರು.

"ಆಮೇಲಿನ್ ವಾರವೇ ಕಳ್ಸುದ್ರು ಕಣವ್ವ," ಎಂದ ಮಹದೇವಸ್ವಾಮಿ, ಎದ್ದು ನಿಂತು, ತಪ್ಪು ತನ್ನದೇ ಎಂಬ ಹಾಗೆ. "ಕೆಲ್ಸ ನಿಲ್ಲಕಿಲ್ವಲ್ಲ. ಕುಂತ್ಕಳಿ."

ಆಕೆ ಕೂರಲಿಲ್ಲ. ನಿಂತೇ ಒಪ್ಪಿಗೆ ಪತ್ರ ಓದಿದರು, ಒಂದೊಂದು ಪದವನ್ನೂ. 'ಮೃತ ನೌಕರನೊಂದಿಗೆ ಸಂಬಂಧ' ಎಂಬಲ್ಲಿ ಸುಮೇಧಾ ಮೊದಲೇ 'ತಾಯಿ' ಎಂದು ತುಂಬಿದ್ದಳು. ಆ ಪದದ ಮೇಲೆ ಅವರ ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಸಹಿ ಹಾಕಿದರು, ದಿನಾಂಕದ ಗೆರೆಯ ಮೇಲೆ ನಿಧಾನವಾಗಿ ಬರೆದರು.

ಮಹದೇವಸ್ವಾಮಿ ಕಾಗದ ತಿರುಗಿಸಿ ಓದಿದ. "ಅಧಿಕ ಶ್ರಾವಣ ಬಹುಳ ಅಮಾವಾಸ್ಯೆ." ತಲೆ ಕೆರೆದುಕೊಂಡ. "ಇದ್ನ ಕಂಪ್ಯೂಟ್ರು ತಕಳಲ್ಲ ಕಣವ್ವ."

"ನಮ್ಮ ಮನೇಲಿ ಇವತ್ತು ಅದೇ."

ಅವನು ಸುಮೇಧಾಳ ಮುಖ ನೋಡಿದ. ಆಮೇಲೆ ಪೆನ್ನು ತೆಗೆದು ಇಂದಿರಮ್ಮನ ಕೈಗೇ ಕೊಟ್ಟ. "ಅದಿರ್ಲಿ ಬುಡಿ. ಅದರ ಕೆಳೀಕೆ ನಮ್ದೂ ಒಂದ್ ಬರ್ದ್ಬುಡಿ. ಹದ್ನಾರು ಎಂಟು."

ರಾಮಸ್ವಾಮಿ ಚೀಟಿಯಲ್ಲಿ ಬರೆಯುವಂತೆಯೇ, ತಿಥಿಯ ಕೆಳಗೆ ತಾರೀಕು ಬಂತು. ಮೊಹರು ಬಿತ್ತು. ಆಗ ಗಂಟೆ ಎರಡೂ ಕಾಲು.

ಆಟೋದಲ್ಲಿ ವಾಪಸು ಹೊರಟರು. ಹೊಳೆಯಿಂದ ಒದ್ದೆ ತಲೆಯ ಜನ ಬರುತ್ತಿದ್ದರು, ಕೆಲವರ ಕೈಯಲ್ಲಿ ಮಾವನ ಚೀಟಿಗಳಿದ್ದಿರಬೇಕು.

"ಎಲ್ಲಿಗೆ ಹಾಕ್ತಾರಂತೆ?" ಎಂದು ಕೇಳಿದರು ಇಂದಿರಮ್ಮ.

"ಗೊತ್ತಿಲ್ಲ. ನಾಗಮಂಗಲವೋ, ಕೆ.ಆರ್. ಪೇಟೆಯೋ. ಆಗೋದಕ್ಕೇ ಎಷ್ಟೋ ತಿಂಗಳು."

"ಸೆಪ್ಟೆಂಬರ್ ನಾಲ್ಕಕ್ಕೆ ಇರ್ತೀಯಲ್ಲ?"

"ಇರ್ತೀನಿ ಅತ್ತೆ. ಹಾಗಲಕಾಯಿ ಬೇಡ ಆವತ್ತು."

ಇಂದಿರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಕ್ಕರೋ ಏನೋ. ಮನೆಯ ತಿರುವು ಬಂದಾಗ ಹೇಳಿದರು:

"ಕೆಲಸಕ್ಕೆ ಸೇರಿದ ಮೇಲೆ ಪ್ರತಿ ವರ್ಷ ಒಂದು ದಿನ ರಜ ಕೇಳಬೇಕಾಗುತ್ತೆ ನೀನು. ಮಾವನ ಹತ್ರ ಮುಂಚೇನೇ ಬರೆಸಿಟ್ಟುಕೋ. ಆ ತಾರೀಕು ಒಂದು ಕಡೆ ನಿಲ್ಲೋದಿಲ್ಲ."