ಧೈರ್ಯ ಹೇಳಲು ಬಂದವಳು

ಬೀಳ್ಕೊಡುಗೆಯ ದಿನ ಹತ್ತನೇ ಕ್ಲಾಸಿನ ಮಕ್ಕಳಿಗೆ ನಾಲ್ಕು ಒಳ್ಳೆಯ ಮಾತು ಹೇಳಲು ಹಳೇ ವಿದ್ಯಾರ್ಥಿಗಳನ್ನು ಕರೆಸುವುದು ಆ ಹೈಸ್ಕೂಲಿನ ರೂಢಿ. ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ ಕಡೆಯ ಹಳ್ಳಿಯ ಶಾಲೆ. ಆ ವರ್ಷವಂತೂ ಮಕ್ಕಳು ಪೂರಾ ಕಂಗಾಲಾಗಿದ್ದರು. ದಸರೆಯಿಂದ ಗಣಿತಕ್ಕೆ ಮೇಷ್ಟ್ರೇ ಇಲ್ಲ. ಹೆಡ್‌ಮಾಸ್ಟರ್ ಬಸವರಾಜಪ್ಪ ಅಲೆದದ್ದೇ ಬಂತು. ಮೇಷ್ಟ್ರು ಸಿಗದಿದ್ದ ಮೇಲೆ ಸ್ಫೂರ್ತಿಯನ್ನಾದರೂ ತುಂಬೋಣ ಅಂದುಕೊಂಡರು. ಸ್ಫೂರ್ತಿಗೆ ಸಂಬಳ ಕೊಡಬೇಕಿಲ್ಲವಲ್ಲ!

ಉಷಾರಾಣಿಗೆ ಫೋನ್ ಹೋಯಿತು. “ನೀನು ಬರ್ಲೇಬೇಕು ಕಣಮ್ಮ. ನಮ್ ಸ್ಕೂಲಲ್ಲಿ ಓದಿ ಎಂ.ಎ., ಬಿ.ಎಡ್. ಮಾಡಿದ ಹೆಣ್ಮಗಳು ನೀನೊಬ್ಳೇ. ಕಷ್ಟದ ಮಾತು ಎತ್ತಬೇಡ. ಮಕ್ಳಿಗೆ ಧೈರ್ಯ ಬರೋ ಹಂಗೆ ಮಾತಾಡು.”

ಊರವರ ಲೆಕ್ಕದಲ್ಲಿ ಉಷಾರಾಣಿ ನ್ಯಾಮತಿಯ ಖಾಸಗಿ ಶಾಲೆಯೊಂದರ ಟೀಚರ್. ಅದು ಸುಳ್ಳೇನಲ್ಲ, ಆ ಶಾಲೆ ಬಾಗಿಲು ಹಾಕುವ ತನಕ ಆಗಿದ್ದಳು. ಆಮೇಲೆ ಸರ್ಕಾರಿ ಕೆಲಸಕ್ಕೆ ಪರೀಕ್ಷೆ ಬರೆದಳು, ಕಾದಳು, ಮತ್ತೆ ಬರೆದಳು. ಈಗ ಅದೇ ನ್ಯಾಮತಿಯ ಹೊರಗೆ, ತೋಟಗಳ ಫಸಲು ಗುತ್ತಿಗೆ ಹಿಡಿಯುವ ಸಾಹುಕಾರನೊಬ್ಬನ ಕಣದಲ್ಲಿ ಅಡಿಕೆ ಸುಲಿಯುತ್ತಾಳೆ. ಶೆಡ್ಡಿಗೆ ಅಂಟಿದ ಒಂದು ಕೋಣೆಯಲ್ಲಿ ಇನ್ನಿಬ್ಬರು ಹೆಂಗಸರ ಜೊತೆ ವಾಸ. ಇದು ಗೊತ್ತಿದ್ದದ್ದು ತಾಯಿ ಅಂಜಿನಮ್ಮನಿಗೆ ಮಾತ್ರ. “ಮದ್ವೆ ಆಗೋಗಂಟ ಟೀಚರ್ ಅಂತ್ಲೇ ಇರ್ಲಿ, ಬಾಯಿ ಬಿಡಬ್ಯಾಡ” ಎಂದು ಅವಳು ಆಣೆ ಹಾಕಿಸಿಕೊಂಡಿದ್ದಳು.

ಅಡಿಕೆಯ ಚೊಗರು ಹತ್ತಿ ಕಪ್ಪಾದ ಬೆರಳು ಸೋಪಿಗೆ ಬಗ್ಗುವಂಥದ್ದಲ್ಲ. ಊರಿಗೆ ಹೊರಡುವ ಮುಂಚೆ ಉಷಾರಾಣಿ ಎರಡೂ ಕೈಗೆ ಬೆರಳ ತುದಿಯ ತನಕ ಮೆಹಂದಿ ಮೆತ್ತಿಕೊಂಡಳು. ಎಂ.ಎ. ಓದಿದ್ದು ಇಂಥ ಉಪಾಯಕ್ಕಾದರೂ ಬಂತು, ಪುಣ್ಯ!

ಊರು ಮುಟ್ಟಿದ ಸಂಜೆಯೇ ಅರ್ಪಿತಾ ಮನೆಗೆ ಬಂದಳು. ಹತ್ತನೇ ಕ್ಲಾಸಿಗೆ ಮೊದಲಿಗಳು. ಮೇಷ್ಟ್ರಿಲ್ಲದ ಗಣಿತವನ್ನು ಅಪ್ಪನ ಮೊಬೈಲಿನಲ್ಲಿ ನೋಡಿಕೊಂಡು ಕಲಿತ ಹುಡುಗಿ.

“ಅಕ್ಕಾ, ನಾಳೆ ನಮ್ಮಪ್ಪ ಬರ್ತಾನೆ. ಹತ್ತಕ್ಕೇ ಸಾಕು ಬಿಡು ಅಂತ ಕುಂತವ್ನೆ. ಉಷಾ ಏನಂತಾಳೋ ಕೇಳ್ತೀನಿ, ಆಮ್ಯಾಲೆ ಕಾಲೇಜಿನ ಮಾತು ಅಂದ. ಓದಿದ್ದಕ್ಕೇ ಕೆಲ್ಸ ಸಿಕ್ತು ಅಂತ ಒಂದ್ ಮಾತು ಹೇಳಿ ಅಕ್ಕಾ. ನಿಮ್ ಕಾಲಿಗೆ ಬೀಳ್ತೀನಿ.”

“ಹೇಳ್ತೀನಿ ಬಿಡೇ” ಅಂದಳು ಉಷಾರಾಣಿ.

ಮರುದಿನ ಮೊದಲು ಮಾತಾಡಿದವನು ಪರಮೇಶ್. ಹತ್ತನೇ ಕ್ಲಾಸಿನಲ್ಲಿ ಎರಡು ಸಲ ಡುಮ್ಕಿ ಹೊಡೆದು, ಈಗ ಎರಡು ಜೆಸಿಬಿ ಇಟ್ಟುಕೊಂಡಿರುವ ಗುತ್ತಿಗೆದಾರ. “ಫೇಲಾದ್ರೆ ಹೆದರ್ಬ್ಯಾಡ್ರಿ, ನನ್ನೇ ನೋಡ್ರಿ!” ಅಂದ. ಶಾಮಿಯಾನ ಹಾರಿಹೋಗುವಷ್ಟು ಚಪ್ಪಾಳೆ. ಅವನ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಅದೇ ಸಂಕಟ.

ಮೈಕಿನ ಮುಂದೆ ನಿಂತಾಗ ಉಷಾರಾಣಿಗೆ ಇದ್ದದ್ದು ಇದ್ದಂತೆ ಹೇಳಿಬಿಡುವ ಆಸೆಯಾಯಿತು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಅರ್ಪಿತಾಳ ಅಪ್ಪ ತಿಪ್ಪೇರುದ್ರ ಕಂಡ. ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿದ್ದ. ಆಸೆಯನ್ನು ನುಂಗಿಕೊಂಡಳು. “ಇವತ್ತು ನಾನು ನನ್ನ ಕಾಲ ಮೇಲೆ ನಿಂತಿದ್ದೀನಿ ಅಂದ್ರೆ ಅದು ಈ ಶಾಲೆ ಕೊಟ್ಟ ವಿದ್ಯೆಯಿಂದ. ಓದಿದೋರಿಗೆ ದಾರಿ ಇದ್ದೇ ಇರುತ್ತೆ. ನಾನು ಪಾಠ ಹೇಳೋ ಮಕ್ಕಳಿಗೂ ಇದನ್ನೇ ಹೇಳ್ತೀನಿ.” ಎಷ್ಟು ಚೆನ್ನಾಗಿ ಹೇಳಿದಳೆಂದರೆ ಬಸವರಾಜಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಉಪ್ಪಿಟ್ಟು, ಕೇಸರಿಬಾತಿನ ಹೊತ್ತಿಗೆ ತಿಪ್ಪೇರುದ್ರ ಮಗಳನ್ನು ಕರೆದುಕೊಂಡು ಬಂದ. ಕೈ ಮುಗಿದ.

“ನನ್ ಮನ್ಸು ತಿರುಗ್ತು ಕಣವ್ವಾ. ಓದಿಸ್ತೀನಿ. ಆದ್ರೆ ದಿನಾ ಬಸ್ನಾಗೆ ಕಳ್ಸಾಕೆ, ಹಾಸ್ಟೆಲ್ನಾಗೆ ಬಿಡಾಕೆ ನಂಗೆ ಧೈರ್ಯ ಇಲ್ಲ. ನ್ಯಾಮತೀಲಿ ನಿನ್ ಮನೇಲಿ ಇಟ್ಕಂಡು ಅಲ್ಲೇ ಕಾಲೇಜಿಗೆ ಸೇರ್ಸು. ಅಕ್ಕಿ, ಬ್ಯಾಳೆ ನಾನ್ ತಂದ್ ಹಾಕ್ತೀನಿ.”

ಆ ಸೀಮೆಯಲ್ಲಿ ಅದೇನೂ ಅತಿಯಾದ ಬೇಡಿಕೆಯಲ್ಲ. ಹೆಣ್ಣುಮಗಳನ್ನು ಪೇಟೆಗೆ ಓದಲು ಕಳಿಸುವುದೆಂದರೆ ನಂಬಿಕೆಯವರ ಮನೆಯಲ್ಲಿ ಬಿಡುವುದು ಎಂದೇ ಅರ್ಥ. ಅರ್ಪಿತಾಳ ಮುಖ ಊರಗಲ ಅರಳಿತ್ತು. ಉಷಾರಾಣಿ ಮಾತ್ರ ಅವಳತ್ತ ನೋಡದೆ ಅಂದಳು,

“ನಮ್ಮನೇಲಿ ಜಾಗ ಇಲ್ಲಣ್ಣ.”

“ಒಂದ್ ಮೂಲೆ ಸಾಕವ್ವಾ. ಅಡುಗೆಮನೇಲಿ ಮಲ್ಗ್ತಾಳೆ.”

“ಆಗಲ್ಲ ಅಂದ್ನಲ್ಲ!”

ಅಷ್ಟು ಒರಟಾಗಿ ಅನ್ನಬೇಕೆಂದು ಅವಳಿಗಿರಲಿಲ್ಲ. ತಿಪ್ಪೇರುದ್ರ ಮುಗಿದ ಕೈಯನ್ನು ಮೆಲ್ಲಗೆ ಇಳಿಸಿದ.

“ಮೈಕ್ನಾಗೆ ಊರ ಮಕ್ಳಿಗೆಲ್ಲ ಬುದ್ಧಿ ಹೇಳೋದು, ಎದ್ರಿಗೆ ಬಂದು ಕೇಳಿದ್ರೆ ಜಾಗ ಇಲ್ಲ ಅನ್ನೋದು. ಓದಿದ್ರೆ ಹಿಂಗಾಗೋದಾದ್ರೆ ನನ್ ಮಗ್ಳು ಓದೋದೇ ಬ್ಯಾಡ ಬಿಡವ್ವಾ. ನಡಿಯೇ!”

ಗೇಟಿನ ತನಕ ಅರ್ಪಿತಾ ಹಿಂದಿರುಗಿ ನೋಡುತ್ತಲೇ ಹೋದಳು. ಓಡಿಹೋಗಿ ನಿಜ ಹೇಳಲು ಉಷಾರಾಣಿಗೆ ಆಗಲೂ ಸಮಯವಿತ್ತು. ಹೋಗಲಿಲ್ಲ. ತಾಯಿಯ ಆಣೆ, ಮದುವೆಯ ಮಾತು ಎಲ್ಲ ನೆಪ. ಅವಳಿಗೆ ನಾಚಿಕೆಯಾಯಿತು, ಅಷ್ಟೇ.

ಶ್ರಾವಣದಲ್ಲಿ ಹೊಸ ಅಡಿಕೆ ಬಂತು. ಸಾಹುಕಾರನ ಟೆಂಪೋ ಚನ್ನಗಿರಿ ಕಡೆಯಿಂದ ಸುಲಿಯುವವರನ್ನು ತುಂಬಿಕೊಂಡು ಬಂದು ಕಣದಲ್ಲಿ ನಿಂತಿತು. ಹೆಂಗಸರ ಹಿಂದೆ, ಬೇರೆ ಊರಿನ ಸೋದರತ್ತೆಯ ಜೊತೆ, ಬಟ್ಟೆಯ ಚೀಲ ಹಿಡಿದು ಅರ್ಪಿತಾ ಇಳಿದಳು. ಹತ್ತನೇ ಕ್ಲಾಸಿನಲ್ಲಿ ಶಾಲೆಗೇ ಮೊದಲು ಬಂದಿದ್ದಾಳೆಂದು ಉಷಾರಾಣಿ ಅಮ್ಮನಿಂದ ಕೇಳಿದ್ದಳು.

ಎದ್ದು ಒಳಗೆ ಹೋಗೋಣವೆಂದು ಉಷಾರಾಣಿ ಅಂದುಕೊಳ್ಳುವಷ್ಟರಲ್ಲಿ ಅರ್ಪಿತಾ ನೋಡಿಯೇಬಿಟ್ಟಳು. ಉಷಾರಾಣಿಯ ಮಡಿಲಲ್ಲಿದ್ದ ಸಿಪ್ಪೆಯನ್ನು ನೋಡಿದಳು, ಕೋಣೆಯ ಬಾಗಿಲನ್ನು ನೋಡಿದಳು, ಸಾಲಾಗಿ ಸುತ್ತಿಟ್ಟ ಮೂರು ಚಾಪೆಗಳನ್ನು ನೋಡಿದಳು.

“ಇದೇನಾ ಅಕ್ಕಾ ನಿಮ್ಮನೆ?”

“ಹೂಂ ಕಣೇ.”

“ನಾಕನೇ ಚಾಪೆಗೆ ಜಾಗ ಐತಲ್ಲ. ಅವತ್ತು ನೀವು ಹೂಂ ಅಂದಿದ್ರೆ ಅಪ್ಪ ಕಣ್ಮುಚ್ಕಂಡು ಕಳಿಸ್ತಿದ್ದ. ನಾನ್ ಯಾರ್ ಹತ್ರಾನೂ ಬಾಯಿ ಬಿಡ್ತಿರ್ಲಿಲ್ಲ. ಹಗ್ಲು ಕಾಲೇಜಿಗೆ ಹೋಗಿ, ಸಂಜೆ ನಿಮ್ ಪಕ್ಕ ಕುಂತು ಅಡಿಕೆ ಸುಲೀತಿದ್ನಲ್ಲ ಅಕ್ಕಾ!”

ಅಷ್ಟರಲ್ಲಿ ಮೇಸ್ತ್ರಿ ಕೂಗಿದ, “ಏ ಉಷಾ, ಆ ಹೊಸ ಹುಡುಗೀಗೆ ಕತ್ತಿ ಹಿಡಿಯಾದು ಹೇಳ್ಕೊಡು.”

ಉಷಾರಾಣಿ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟಳು.